ಮೂರು ಗಂಟೆಯ ಶಾಲೆ: ಮದರಾಸು ರಾಜ್ಯದ ಒಂದು ಮಿತವ್ಯಯ ಪ್ರಯೋಗ

ಹದಿನಾಲ್ಕು ವರ್ಷದೊಳಗಿನ ಎಲ್ಲ ಮಕ್ಕಳಿಗೂ ಉಚಿತ ಶಿಕ್ಷಣ ಒದಗಿಸಬೇಕೆಂಬ ಹೊಣೆಯನ್ನು ಸಂವಿಧಾನವು ರಾಜ್ಯಗಳಿಗೆ ವಹಿಸಿತ್ತು. ಅದಕ್ಕೆ ತಕ್ಕ ಹಣ ಬೊಕ್ಕಸಗಳಲ್ಲಿರಲಿಲ್ಲ. 1953ರಲ್ಲಿ ಮದರಾಸಿನ ಮುಖ್ಯಮಂತ್ರಿ ಸಿ. ರಾಜಗೋಪಾಲಾಚಾರಿಯವರು ಕಂಡುಕೊಂಡ ಮಾರ್ಗ ಸರಳವಾದುದು. ಗ್ರಾಮಾಂತರದ ಪ್ರಾಥಮಿಕ ಶಾಲೆಗಳನ್ನು ಮೂರು ಗಂಟೆಗಳ ಎರಡು ಪಾಳಿಗಳಲ್ಲಿ ನಡೆಸಿದರೆ ಅದೇ ಕಟ್ಟಡ, ಅದೇ ಉಪಾಧ್ಯಾಯರಿಂದ ಹೆಚ್ಚು ಮಕ್ಕಳಿಗೆ ಪಾಠ ಹೇಳಿಸಬಹುದು. ಉಳಿದ ವೇಳೆಯಲ್ಲಿ ಮಕ್ಕಳು ತಂದೆತಾಯಿಯರ ಕಸುಬನ್ನು ಕಲಿಯಬೇಕು.

ಆಯವ್ಯಯದ ದೃಷ್ಟಿಯಿಂದ ಈ ಲೆಕ್ಕ ಸರಿಯಾಗಿತ್ತು. ಆದರೆ ಕಸುಬು ಜಾತಿಗೆ ಅಂಟಿಕೊಂಡಿದ್ದ ಸಮಾಜದಲ್ಲಿ ಅದರ ಅರ್ಥವೇ ಬೇರೆಯಾಯಿತು. ವಿರೋಧಿಗಳು ಇದನ್ನು 'ಕುಲಕ್ಕಲ್ವಿ', ಅಂದರೆ ಕುಲಕಸುಬಿನ ಶಿಕ್ಷಣ, ಎಂದು ಕರೆದರು. ದ್ರಾವಿಡ ಚಳವಳಿಯ ಪ್ರತಿಭಟನೆಗೆ ಕಾಂಗ್ರೆಸ್ಸಿನೊಳಗಿನ ಅಸಮಾಧಾನವೂ ಸೇರಿತು. 1954ರ ಏಪ್ರಿಲಿನಲ್ಲಿ ಕೆ. ಕಾಮರಾಜರು ಮುಖ್ಯಮಂತ್ರಿಯಾದರು, ಮೇ ತಿಂಗಳಲ್ಲಿ ಯೋಜನೆ ರದ್ದಾಯಿತು.

ದಕ್ಷಿಣ ಕನ್ನಡ ಜಿಲ್ಲೆಯು 1956ರವರೆಗೆ ಮದರಾಸು ರಾಜ್ಯದಲ್ಲಿಯೇ ಇದ್ದುದರಿಂದ ಕನ್ನಡ ಶಿಕ್ಷಣದ ಇತಿಹಾಸಕಾರರಿಗೂ ಈ ಪ್ರಸಂಗ ಪ್ರಸ್ತುತವೆಂದು ನಾವು ಭಾವಿಸುತ್ತೇವೆ. ಸರಕಾರದ ಲೆಕ್ಕಪತ್ರದಲ್ಲಿ ಉಳಿತಾಯವೆಂದು ಕಂಡದ್ದು ಹಳ್ಳಿಯ ಮಗುವಿನ ಓದಿನ ವೇಳೆ. ಶಾಲಾ ವೆಚ್ಚದ ಯಾವ ಕಡಿತವನ್ನು ಪರಿಶೀಲಿಸುವಾಗಲೂ ಅದು ಯಾರ ಪಾಲಿನಿಂದ ಬಂದುದೆಂಬುದನ್ನು ನಾವು ಮೊದಲು ಕೇಳಬೇಕಾಗಿದೆ.