ಸೇನಾ ಸೇವೆಯಿಂದ ಹಣಕಾಸು ವೃತ್ತಿಗೆ: ವಿಶ್ವವಿದ್ಯಾನಿಲಯದ ಆಯ್ಕೆ ಕುರಿತು ಮಾಜಿ ಸೈನಿಕರಿಗೆ ಮಾಹಿತಿ

ಸೇನೆಯಿಂದ ನಿವೃತ್ತರಾಗುವ ಸಿಬ್ಬಂದಿಯಲ್ಲಿ ಅನೇಕರು ಬ್ಯಾಂಕು, ವಿಮೆ, ಲೆಕ್ಕಪತ್ರ ಹಾಗೂ ತೆರಿಗೆ ಕ್ಷೇತ್ರಗಳಲ್ಲಿ ಎರಡನೆಯ ವೃತ್ತಿಯನ್ನು ಅಪೇಕ್ಷಿಸುತ್ತಾರೆ. ಇದಕ್ಕಾಗಿ ವಿಶ್ವವಿದ್ಯಾನಿಲಯಕ್ಕೆ ಪ್ರವೇಶ ಪಡೆಯುವ ಮುನ್ನ ಗಮನಿಸತಕ್ಕ ಅಂಶಗಳನ್ನು ಇಲ್ಲಿ ನೀಡಲಾಗಿದೆ. ನಿವೃತ್ತಿಯ ಸಮಯದಲ್ಲಿ ದೊರೆತ ಹಣದಿಂದ ಶುಲ್ಕ ಪಾವತಿಸಿದ ನಂತರ, ಆ ಪದವಿಯಿಂದ ಬಯಸಿದ ಹುದ್ದೆ ದೊರೆಯುವುದಿಲ್ಲವೆಂದು ತಿಳಿದುಬಂದಲ್ಲಿ ಹಣ ಮತ್ತು ವರ್ಷಗಳೆರಡೂ ವ್ಯರ್ಥವಾಗುತ್ತವೆ. ಆದ್ದರಿಂದ ಮೊದಲು ಹುದ್ದೆ, ನಂತರ ವಯೋಮಿತಿ, ಕೊನೆಗೆ ವಿಶ್ವವಿದ್ಯಾನಿಲಯ ಎಂಬ ಕ್ರಮದಲ್ಲಿ ಪರಿಶೀಲಿಸುವುದು ಸೂಕ್ತ.

ಪದವಿ ಸಮಾನತೆ ಪ್ರಮಾಣಪತ್ರ

ಮೆಟ್ರಿಕ್ಯುಲೇಷನ್ ಅಥವಾ ಸೇನೆಯ ವಿಶೇಷ ಶಿಕ್ಷಣ ಪ್ರಮಾಣಪತ್ರ ಹೊಂದಿದ್ದು, 15 ವರ್ಷಗಳಿಗೆ ಕಡಿಮೆಯಿಲ್ಲದಂತೆ ಸೇವೆ ಸಲ್ಲಿಸಿದ ಮಾಜಿ ಸೈನಿಕರನ್ನು ಪದವಿ ನಿಗದಿಪಡಿಸಿರುವ ಗ್ರೂಪ್ 'ಸಿ' ಹುದ್ದೆಗಳಿಗೆ ಅರ್ಹರೆಂದು ಪರಿಗಣಿಸಲು ಕೇಂದ್ರ ಸರ್ಕಾರದ 1986ರ ಆದೇಶವು ಅವಕಾಶ ಕಲ್ಪಿಸಿದೆ. ತಾಂತ್ರಿಕ ಅಥವಾ ವೃತ್ತಿಪರ ಅನುಭವ ಕಡ್ಡಾಯವಾಗಿರುವ ಹುದ್ದೆಗಳು ಇದರಲ್ಲಿ ಸೇರುವುದಿಲ್ಲ. ಸಾರ್ವಜನಿಕ ವಲಯದ ಬ್ಯಾಂಕುಗಳ ಗುಮಾಸ್ತ ಹುದ್ದೆಗೂ (2025ರಿಂದ ಇದನ್ನು ಗ್ರಾಹಕ ಸೇವಾ ಸಹಾಯಕ ಎಂದು ಕರೆಯಲಾಗುತ್ತಿದೆ) ಈ ಅರ್ಹತೆ ಅನ್ವಯಿಸುತ್ತದೆ.

ಸದರಿ ಪ್ರಮಾಣಪತ್ರವು ಪದವಿಯಲ್ಲ. ಇದನ್ನು ಹಾಜರುಪಡಿಸಿ ಎಂ.ಕಾಂ. ಅಥವಾ ಎಂ.ಬಿ.ಎ. ಪ್ರವೇಶ ಪಡೆಯಲಾಗದು; ಬ್ಯಾಂಕಿನ ಪ್ರೊಬೇಷನರಿ ಅಧಿಕಾರಿ ಹುದ್ದೆಗೂ ಇದು ಸಾಲದು.

ವಯೋಮಿತಿ

ಬ್ಯಾಂಕುಗಳ ಗ್ರೂಪ್ 'ಸಿ' ನೇರ ನೇಮಕಾತಿಯಲ್ಲಿ ಮಾಜಿ ಸೈನಿಕರಿಗೆ ಶೇ. 14.5ರಷ್ಟು ಮೀಸಲಾತಿ ಇದೆ. ಗುಮಾಸ್ತ ಹುದ್ದೆಗೆ ಸಲ್ಲಿಸಿದ ಸೇವಾವಧಿ ಹಾಗೂ ಹೆಚ್ಚುವರಿ 3 ವರ್ಷಗಳ ವಯೋಸಡಿಲಿಕೆಯು 50 ವರ್ಷದ ಮಿತಿಗೊಳಪಟ್ಟು ದೊರೆಯುತ್ತದೆ. ಅಧಿಕಾರಿ ಹುದ್ದೆಯಲ್ಲಿ ಈ ಮೀಸಲಾತಿ ಇಲ್ಲ. ಪ್ರೊಬೇಷನರಿ ಅಧಿಕಾರಿ ಹುದ್ದೆಗೆ ಗರಿಷ್ಠ ವಯಸ್ಸು 30 ಆಗಿದ್ದು, ಮಾಜಿ ಸೈನಿಕರಿಗಿರುವ ಸಡಿಲಿಕೆ 5 ವರ್ಷ ಮಾತ್ರ. ಆದುದರಿಂದ 38ನೆಯ ವಯಸ್ಸಿನಲ್ಲಿ ನಿವೃತ್ತರಾದ ಸಾಮಾನ್ಯ ವರ್ಗದ ಹವಾಲ್ದಾರರು ಎಷ್ಟೇ ಉತ್ತಮ ವಿಶ್ವವಿದ್ಯಾನಿಲಯದಿಂದ ಪದವಿ ಪಡೆದರೂ ಈ ಹುದ್ದೆಗೆ ಅರ್ಜಿ ಸಲ್ಲಿಸಲು ಬರುವುದಿಲ್ಲ. ಪದವಿಗೆ ಸೇರುವ ಮುನ್ನ ಈ ಲೆಕ್ಕವನ್ನು ಹಾಕಿಕೊಳ್ಳುವವರು ವಿರಳ. ಇಂತಹವರಿಗೆ ಗುಮಾಸ್ತ ಹುದ್ದೆಗೆ ಸೇರಿ, ಕೆಲಸದಲ್ಲಿದ್ದುಕೊಂಡೇ ದೂರಶಿಕ್ಷಣದ ಮೂಲಕ ಬಿ.ಕಾಂ. ಮುಗಿಸಿ, ಆಯಾ ಬ್ಯಾಂಕಿನ ನಿಯಮಾನುಸಾರ ಆಂತರಿಕ ಬಡ್ತಿಗೆ ಪ್ರಯತ್ನಿಸುವುದು ಹೆಚ್ಚು ಭದ್ರವಾದ ಮಾರ್ಗ. ಗುಮಾಸ್ತ ನೇಮಕಾತಿಯಲ್ಲಿ ಸ್ಥಳೀಯ ಭಾಷಾ ಜ್ಞಾನ ಅಗತ್ಯವಿರುವುದರಿಂದ, ರಾಜ್ಯದ ಶಾಖೆಗಳಿಗೆ ಕನ್ನಡ ಬಲ್ಲವರಿಗೆ ಅನುಕೂಲವೂ ಇದೆ.

ಲೆಕ್ಕಪರಿಶೋಧಕ ವೃತ್ತಿಗೆ ಗರಿಷ್ಠ ವಯೋಮಿತಿ ಇಲ್ಲ. ಶೇ. 55 ಅಂಕಗಳ ವಾಣಿಜ್ಯ ಪದವೀಧರರು ಅಥವಾ ಶೇ. 60 ಅಂಕಗಳ ಇತರೆ ಪದವೀಧರರು ಫೌಂಡೇಷನ್ ಪರೀಕ್ಷೆಯಿಲ್ಲದೆ ಸಿ.ಎ. ಇಂಟರ್‌ಮೀಡಿಯೆಟ್‌ಗೆ ನೋಂದಾಯಿಸಿಕೊಳ್ಳಬಹುದು. 2023ರಲ್ಲಿ ಜಾರಿಗೆ ಬಂದ ಯೋಜನೆಯಂತೆ ಪ್ರಾಯೋಗಿಕ ತರಬೇತಿಯ ಅವಧಿ ಎರಡು ವರ್ಷ. ಈ ಅವಧಿಯಲ್ಲಿ ದೊರೆಯುವ ಭತ್ಯೆ ಅಲ್ಪವಾಗಿರುವುದರಿಂದ ಪಿಂಚಣಿ ಇರುವವರು ಮಾತ್ರ ನಿಶ್ಚಿಂತೆಯಿಂದ ಕೈಗೊಳ್ಳಬಹುದಾದ ಮಾರ್ಗವಿದು.

ವಿಶ್ವವಿದ್ಯಾನಿಲಯದ ಮಾನ್ಯತೆ

ಪಿ.ಯು.ಸಿ. ಪೂರೈಸದವರು ಮೊದಲು ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯ ಮೂಲಕ 12ನೆಯ ತರಗತಿ ಪೂರ್ಣಗೊಳಿಸಬಹುದು. ನಂತರ ದೂರಶಿಕ್ಷಣಕ್ಕೆ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ ಹಾಗೂ ಇಂದಿರಾಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾನಿಲಯ (ಇಗ್ನೋ) ಮುಖ್ಯವಾದವು. ಹದಿನೈದು ವರ್ಷ ಹಿಂದಿಯಲ್ಲಿ ವ್ಯವಹರಿಸಿದವರಿಗೆ ಇಗ್ನೋದ ಹಿಂದಿ ಮಾಧ್ಯಮವೂ ಕಷ್ಟವಾಗಲಾರದು. 2022ರ ಅಗ್ನಿಪಥ ಯೋಜನೆಯಡಿ ಸೇರಿದವರಿಗೆ ಸೇವಾವಧಿಯ ತರಬೇತಿಯನ್ನು ಅರ್ಧದಷ್ಟು ಕ್ರೆಡಿಟ್‌ಗಳಿಗೆ ಪರಿಗಣಿಸುವ ಪದವಿ ಕಾರ್ಯಕ್ರಮವನ್ನು ಇಗ್ನೋ ರೂಪಿಸಿದ್ದು, ಅದರಲ್ಲಿ ಬಿ.ಕಾಂ. ಸಹ ಸೇರಿದೆ.

ದೂರಶಿಕ್ಷಣದ ಮಾನ್ಯತೆಯನ್ನು ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು ಕೋರ್ಸುವಾರು ಹಾಗೂ ಅವಧಿವಾರು ನೀಡುತ್ತದೆ. ವಿಶ್ವವಿದ್ಯಾನಿಲಯದ ಹೆಸರು ಪ್ರಸಿದ್ಧವಾಗಿರುವುದಷ್ಟೇ ಸಾಲದು. ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯಕ್ಕೂ 2012-13ರ ನಂತರ ಮಾನ್ಯತೆ ಮುಂದುವರಿಯದೆ 2018ರಲ್ಲಿ ಮರಳಿ ದೊರೆತುದನ್ನು ಸ್ಮರಿಸಬಹುದು. ಅರ್ಜಿದಾರರು ತಾವು ಸೇರುವ ವರ್ಷಕ್ಕೆ ತಮ್ಮ ಕೋರ್ಸಿಗೇ ಮಾನ್ಯತೆ ಇರುವುದನ್ನು ಆಯೋಗದ ದೂರಶಿಕ್ಷಣ ಬ್ಯೂರೋದ ಪಟ್ಟಿಯಲ್ಲಿ ನೋಡಿ, ಆ ಪುಟದ ಪ್ರತಿಯನ್ನು ಇಟ್ಟುಕೊಳ್ಳತಕ್ಕದ್ದು. ಮಾನ್ಯತೆ ಪಡೆದ ದೂರಶಿಕ್ಷಣ ಪದವಿಯು ಸಾಮಾನ್ಯ ಪದವಿಗೆ ಸಮಾನ. ಖಾಸಗಿ ಕಲಿಕಾ ಕೇಂದ್ರಗಳ ಮಧ್ಯವರ್ತಿಗಳು ನೀಡುವ ಭರವಸೆಗೆ ಯಾವುದೇ ಬೆಲೆಯಿಲ್ಲ.

ಅಧಿಕಾರಿಗಳಿಗೆ

ಪುನರ್ವಸತಿ ಮಹಾನಿರ್ದೇಶನಾಲಯವು ಭಾರತೀಯ ವ್ಯವಸ್ಥಾಪನಾ ಸಂಸ್ಥೆಗಳಲ್ಲಿ ಏರ್ಪಡಿಸುವ ಸುಮಾರು ಆರು ತಿಂಗಳ ತರಬೇತಿಯು ಪ್ರಮಾಣಪತ್ರ ಕೋರ್ಸಾಗಿದ್ದು, ಎಂ.ಬಿ.ಎ. ಪದವಿಯಲ್ಲ. ಪದವಿ ಬೇಕೆನ್ನುವವರು ಬೆಂಗಳೂರಿನ ಸಂಸ್ಥೆಯ ಒಂದು ವರ್ಷದ ಪೂರ್ಣಾವಧಿ ಕಾರ್ಯಕ್ರಮದಂತಹವನ್ನು ಪರಿಶೀಲಿಸಬಹುದು. ಇದಕ್ಕೆ ಕನಿಷ್ಠ ಐದು ವರ್ಷಗಳ ಅನುಭವ ಅಗತ್ಯ. ಶುಲ್ಕ ಅಧಿಕವಾಗಿದ್ದು, ನಲವತ್ತು ದಾಟಿದವರು ಉಳಿದ ದುಡಿಮೆಯ ವರ್ಷಗಳೊಂದಿಗೆ ತೂಗಿ ನೋಡುವುದು ಒಳಿತು.

ಪ್ರಧಾನಮಂತ್ರಿ ವಿದ್ಯಾರ್ಥಿವೇತನವು ಮಾಜಿ ಸೈನಿಕರ ಮಕ್ಕಳಿಗೆ ಹಾಗೂ ವಿಧವೆಯರಿಗೆ ಮಾತ್ರ. ಸ್ವತಃ ಮಾಜಿ ಸೈನಿಕರ ವ್ಯಾಸಂಗಕ್ಕೆ ದೊರೆಯುವುದಿಲ್ಲ.

ಇನ್ನೂ ಸೇವೆಯಲ್ಲಿರುವವರು ಪ್ರವೇಶಕ್ಕೆ ಮುನ್ನ ತಮ್ಮ ಘಟಕದ ಅನುಮತಿ ಪಡೆಯತಕ್ಕದ್ದು. ನಿವೃತ್ತರು ಶುಲ್ಕ ಪಾವತಿಸುವುದಕ್ಕೆ ಮೊದಲೇ ಬಿಡುಗಡೆ ಪುಸ್ತಕ, ಗುರುತಿನ ಚೀಟಿ ಹಾಗೂ ಅಂಕಪಟ್ಟಿಗಳೊಂದಿಗೆ ಆಯಾ ಜಿಲ್ಲೆಯ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಕಛೇರಿಯನ್ನು ಸಂಪರ್ಕಿಸಬಹುದು.