ಜೈವಿಕ ಗಡಿಯಾರ ಮತ್ತು ನಿದ್ರೆ: ರಾತ್ರಿ ದುಡಿಯುವವರಿಗೆ ಮಾಹಿತಿ

ಮನುಷ್ಯನ ನಿದ್ರೆ, ಎಚ್ಚರ, ಹಸಿವು ಹಾಗೂ ದೇಹದ ಉಷ್ಣತೆಗಳು ಸುಮಾರು 24 ಗಂಟೆಗಳ ಲಯಕ್ಕೆ ಒಳಪಟ್ಟಿರುತ್ತವೆ. ಇದನ್ನು ಜೈವಿಕ ಲಯವೆಂದು ಕರೆಯಲಾಗುತ್ತದೆ. ಈ ಲಯವನ್ನು ನಡೆಸುವ ಮುಖ್ಯ ಗಡಿಯಾರವು ಮೆದುಳಿನ ಹೈಪೋಥಲಾಮಸ್ ಭಾಗದಲ್ಲಿದ್ದು, ಕಣ್ಣಿನ ಮೂಲಕ ಬರುವ ಬೆಳಕಿನಿಂದ ಪ್ರತಿದಿನವೂ ಸರಿಹೊಂದುತ್ತದೆ. ಕತ್ತಲಾದ ಬಳಿಕ ಪೀನಿಯಲ್ ಗ್ರಂಥಿಯು ಮೆಲಟೋನಿನ್ ಎಂಬ ಹಾರ್ಮೋನನ್ನು ಸ್ರವಿಸಿ, ರಾತ್ರಿಯಾಯಿತೆಂಬ ಸೂಚನೆಯನ್ನು ದೇಹಕ್ಕೆ ನೀಡುತ್ತದೆ.

ಹಣ್ಣುನೊಣಗಳಲ್ಲಿ ಈ ಗಡಿಯಾರದ ವಂಶವಾಹಿಗಳ ಕಾರ್ಯವಿಧಾನವನ್ನು ತೋರಿಸಿಕೊಟ್ಟ ಮೂವರು ಅಮೆರಿಕನ್ ವಿಜ್ಞಾನಿಗಳಿಗೆ 2017ರಲ್ಲಿ ನೊಬೆಲ್ ಪ್ರಶಸ್ತಿ ಲಭಿಸಿತು. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿಯೂ ಇದೇ ನೊಣಗಳ ಮೇಲೆ ಸಂಶೋಧನೆ ನಡೆದಿದೆ.

ಹೊನ್ನಾವರ ತಾಲ್ಲೂಕಿನ ಕರ್ಕಿಯಂತಹ ಕರಾವಳಿ ಗ್ರಾಮಗಳಲ್ಲಿ ಈ ವಿಷಯಕ್ಕೆ ವಿಶೇಷ ಮಹತ್ವವಿದೆ. ಇಲ್ಲಿಯ ದುಡಿಮೆ ಹಲವೊಮ್ಮೆ ಸೂರ್ಯನನ್ನಲ್ಲ, ಸಮುದ್ರವನ್ನು ಅನುಸರಿಸುತ್ತದೆ. ಉಬ್ಬರ ಇಳಿತಗಳು ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುವುದರಿಂದ, ಅವುಗಳನ್ನು ನಂಬಿ ಅಳಿವೆಯಲ್ಲಿ ಬಲೆ ಬೀಸುವವರ ಹಾಗೂ ಬಳಚು ಆರಿಸುವವರ ವೇಳೆಯೂ ಸರಿಯುತ್ತದೆ. ಹಗಲಿನ ಬೆಳಕಿಗೆ ಕಟ್ಟುಬಿದ್ದ ದೇಹದ ಗಡಿಯಾರವಾದರೋ ಹಾಗೆ ಸರಿಯುವುದಿಲ್ಲ. ಕರ್ಕಿಯು ಹಾಸ್ಯಗಾರ ಮನೆತನದ ಯಕ್ಷಗಾನ ಮೇಳಕ್ಕೆ ಹೆಸರಾದ ಊರು. ಬೆಳಗಿನವರೆಗೆ ನಡೆಯುವ ಆಟದಲ್ಲಿ ಕಲಾವಿದರಿಗೂ ಪ್ರೇಕ್ಷಕರಿಗೂ ಎದುರಾಗುವ ತೊಡಕು ಇದೇ ಆಗಿದೆ. ಕಾಲಮಿತಿ ಪ್ರಯೋಗಗಳು ಅದನ್ನು ಕೊಂಚ ತಗ್ಗಿಸಿವೆ.

ಒಂದು ನಿದ್ರಾಚಕ್ರದ ಅವಧಿ ಸುಮಾರು 90 ನಿಮಿಷಗಳು. ರಾತ್ರಿಯ ಮೊದಲ ಭಾಗದಲ್ಲಿ ಗಾಢ ನಿದ್ರೆಯೂ, ಕೊನೆಯ ಭಾಗದಲ್ಲಿ ಕನಸಿನ ನಿದ್ರೆಯೂ ಹೆಚ್ಚು. ರಾತ್ರಿಯೆಲ್ಲ ದುಡಿದವರು ಬೆಳಿಗ್ಗೆ ಮಲಗಿದಾಗ ದೇಹದ ಉಷ್ಣತೆ ಏರುತ್ತಿರುವುದರಿಂದ ನಿದ್ರೆ ಬೇಗನೆ ಮುರಿಯುತ್ತದೆ. ಹಗಲು ಮಲಗಿದವರನ್ನು ಸೋಮಾರಿಗಳೆಂದು ಎಬ್ಬಿಸುವ ಮನೆಯವರು ಇದನ್ನು ಅರಿಯುವುದು ಒಳ್ಳೆಯದು.

ಬೆಳಗಿನ ಜಾವ 3ರಿಂದ 5 ಗಂಟೆಯ ನಡುವೆ ಎಚ್ಚರ ಅತ್ಯಂತ ಕಡಿಮೆಯಾಗಿರುತ್ತದೆ. ಆ ವೇಳೆಯಲ್ಲಿ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ವಾಹನ ಚಲಾಯಿಸುವವರು ಮತ್ತು ದೋಣಿಯ ಅಂಚಿನಲ್ಲಿ ನಿಂತು ಬಲೆ ಎಳೆಯುವವರು ತೂಕಡಿಕೆಯನ್ನು ಲಘುವಾಗಿ ಪರಿಗಣಿಸಬಾರದು. ಹೊರಡುವ ಮುನ್ನ ಅರ್ಧ ಗಂಟೆ ಮಲಗುವುದು ಚಹಾಕ್ಕಿಂತ ಹೆಚ್ಚು ಉಪಯುಕ್ತ. ಹಗಲು ಮಲಗುವ ಕೋಣೆಯನ್ನು ಕತ್ತಲಾಗಿರಿಸತಕ್ಕದ್ದು. ನಿದ್ರೆಗಾಗಿ ಮದ್ಯ ಸೇವಿಸಬಾರದು. ಅದು ಬೇಗ ನಿದ್ರೆ ತರಿಸಿದರೂ ನಡುವೆ ಎಚ್ಚರಗೊಳಿಸುತ್ತದೆ. ಯಾಂತ್ರೀಕೃತ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ಇರುವ ಮೀನುಗಾರಿಕೆ ನಿಷೇಧದ ಅವಧಿಯು ನಿದ್ರೆಯ ವೇಳೆಯನ್ನು ಸರಿಪಡಿಸಿಕೊಳ್ಳಲು ಅನುಕೂಲಕರ. ಮೋಡ ಕವಿದ ದಿನವೂ ಹೊರಗಿನ ಬೆಳಕು ಮನೆಯೊಳಗಿನ ದೀಪಕ್ಕಿಂತ ಹಲವು ಪಟ್ಟು ಪ್ರಖರವಾಗಿರುವುದರಿಂದ, ಮಳೆಗಾಲದಲ್ಲಿಯೂ ಬೆಳಿಗ್ಗೆ ಕೆಲಹೊತ್ತು ಜಗಲಿಯಲ್ಲಿ ಕುಳಿತರೆ ಪ್ರಯೋಜನವಿದೆ.

ಮೂರು ವಾರಗಳಿಗೂ ಮೀರಿ ನಿದ್ರಾಹೀನತೆ ಇರುವವರು, ಗೊರಕೆಯ ನಡುವೆ ಉಸಿರು ಕಟ್ಟುವವರು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ಹೊನ್ನಾವರ ತಾಲ್ಲೂಕು ಆಸ್ಪತ್ರೆಯನ್ನು ಸಂಪರ್ಕಿಸಬಹುದಾಗಿದೆ. ಎರಡು ವಾರ ಮಲಗಿದ ಮತ್ತು ಎದ್ದ ವೇಳೆಗಳನ್ನು ಬರೆದಿಟ್ಟು ತಂದಲ್ಲಿ ವೈದ್ಯರಿಗೆ ಅನುಕೂಲವಾಗುವುದು. ರಾತ್ರಿ ದುಡಿಯುವ ಮಧುಮೇಹಿಗಳು ಮಾತ್ರೆ ಹಾಗೂ ಇನ್ಸುಲಿನ್ ವೇಳೆಯನ್ನು ವೈದ್ಯರಲ್ಲಿ ಕೇಳಿಯೇ ನಿಗದಿಪಡಿಸಿಕೊಳ್ಳತಕ್ಕದ್ದು. ಚಿಂತೆ, ಖಿನ್ನತೆಗಳಿಂದ ನಿದ್ರೆ ಬಾರದಿದ್ದಲ್ಲಿ ಟೆಲಿ-ಮಾನಸ್ ಉಚಿತ ಸಹಾಯವಾಣಿ 14416ಕ್ಕೆ ದಿನದ ಯಾವುದೇ ವೇಳೆಯಲ್ಲಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.