ಐಹೊಳೆಯ ಐನೂರ್ವರು, ಇಳಕಲ್ಲಿನ ಪೇಟೆ

ಬಾದಾಮಿ, ಪಟ್ಟದಕಲ್ಲು, ಐಹೊಳೆ ನೋಡಲು ಬಂದ ನೆಂಟರು ಹೊರಡುವ ಮುನ್ನ ನಮ್ಮನ್ನು ಕೇಳುವುದು ಒಂದೇ: "ಹಜರತ್, ಇಳಕಲ್ ಸೀರೆ ಎಲ್ಲಿ ತಗೊಳ್ಳೋಣ?"

ಈ ಸೀಮೆಯ ವ್ಯಾಪಾರ ನಿನ್ನೆ ಮೊನ್ನೆಯದಲ್ಲ. ಐಹೊಳೆಯ ಹೆಸರು ಹೊತ್ತ 'ಅಯ್ಯಾವೊಳೆ ಐನೂರ್ವರು' ಎಂಬ ವರ್ತಕರ ಸಂಘ ಸಮುದ್ರವನ್ನೇ ದಾಟಿತ್ತು. ಸುಮಾತ್ರಾದ ಬರೂಸ್ ಬಳಿ ಸಿಕ್ಕ 1088ರ ತಮಿಳು ಶಾಸನದಲ್ಲಿ ಅವರ ಹೆಸರಿದೆ. ಬರೂಸ್ ಕರ್ಪೂರಕ್ಕೆ ಹೆಸರಾದ ಬಂದರು. ಅರಬ್ ವರ್ತಕರಿಗೂ ಅದು ಗೊತ್ತಿತ್ತು. ಕುರ್‌ಆನಿನಲ್ಲಿ ಬರುವ 'ಕಾಫೂರ್' ಎಂದರೆ ಇದೇ ಕರ್ಪೂರ.

ಪೇಟೆಯ ಭಾಗ್ಯ ಒಂದೆಡೆ ನಿಲ್ಲುವುದಿಲ್ಲ. ಕಲಾದಗಿ ಜಿಲ್ಲಾ ಕೇಂದ್ರವಾಗಿತ್ತು. 1885ರಲ್ಲಿ ಕಚೇರಿಗಳು ವಿಜಾಪುರಕ್ಕೆ ಹೋದವು. ಹಳೆ ಬಾಗಲಕೋಟೆಯ ಎಷ್ಟೋ ಓಣಿಗಳು ಆಲಮಟ್ಟಿ ಹಿನ್ನೀರಿಗೆ ಹೋದವು, ಜನ ನವನಗರಕ್ಕೆ ಬಂದರು. ಇಳಕಲ್ ಮಾತ್ರ ಮಗ್ಗ ಬಿಡಲಿಲ್ಲ.

ಆ ಸೀರೆಯ ಗುರುತು ಕೊಂಡಿ. ಒಡಲಿನ ಹಾಸಿನ ಎಳೆ ಬೇರೆ, ಸೆರಗಿನದು ಬೇರೆ. ಒಂದೊಂದೇ ಎಳೆಗೆ ಕೊಂಡಿ ಹಾಕಿ ಎರಡನ್ನೂ ಸೇರಿಸುತ್ತಾರೆ. ಕಣ್ಣು, ಬೆರಳು ಎರಡೂ ಸೋಲುವ ಕೆಲಸ. ಆಮೇಲೆ ಕೆಂಪು ಸೆರಗಿನಲ್ಲಿ ಬಿಳಿಯ ಟೋಪ್ ತೆನಿ ಮೂಡುತ್ತದೆ. ಜೊತೆಗೆ ಗುಳೇದಗುಡ್ಡದ ಖಣ ಇದ್ದರೆ ನಮ್ಮ ಕಡೆಯ ಹೆಣ್ಣುಮಕ್ಕಳ ಉಡುಗೆ ಪೂರ್ತಿಯಾಯಿತು.

ಈಗ ಪವರ್‌ಲೂಮ್ ಸೀರೆಯೂ ಇಳಕಲ್ ಹೆಸರಿನಲ್ಲೇ ಅಗ್ಗಕ್ಕೆ ಸಿಗುತ್ತದೆ. ಅಗ್ಗದ ಮಾಲು ಮಾರುವುದು ತಪ್ಪಲ್ಲ. ಅದನ್ನು ಕೈಮಗ್ಗದ್ದೆಂದು ಹೇಳಿ ಮಾರಿದರೆ ನೇಕಾರನ ಕೂಲಿ ಕದ್ದಂತೆ. ಅದಕ್ಕೇ ನಾವು ನೆಂಟರಿಗೆ ಅಂಗಡಿಯ ಹೆಸರು ಹೇಳುವುದಿಲ್ಲ. ಸೆರಗು ಒಡಲಿಗೆ ಸೇರುವಲ್ಲಿ ಸೀರೆ ಮಗುಚಿ, ಕೊಂಡಿಯ ಸಾಲು ಇದೆಯೇ ಎಂದು ಬೆರಳಾಡಿಸಿ ನೋಡಿ ಎನ್ನುತ್ತೇವೆ.